ದಂಡ ಹಾಕ್ಲಕ್ ನೀವ್ಯಾರ್ರಿ?

ಕಾನೂನು ಬರೆಯುವುದರಲ್ಲಿ ಅಂಗಡಿ ಗೋಡೆಗಳು ವಿಧಾನಸಭೆಗಿಂತ ಚುರುಕು. ಊಟ ಚೆಲ್ಲಿದರೆ 50 ರೂಪಾಯಿ, ಪಾರ್ಕಿಂಗ್ ಚೀಟಿ ಕಳೆದರೆ 100, ಕದ್ದು ಸಿಕ್ಕಿಬಿದ್ದರೆ ಮಾಲಿನ ಬೆಲೆಯ ಹತ್ತು ಪಟ್ಟು, ಕಂತು ತಪ್ಪಿದರೆ ದಿನಕ್ಕಿಷ್ಟು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಪೇಟೆಗಳಿಗೂ ಇಂಥ ಬರಹ ಹೊಸದಲ್ಲ, ರಾಜ್ಯದ ಬೇರೆ ಯಾವ ಊರಿಗೂ ಹೊಸದಲ್ಲ. ಗಿರಾಕಿ ಅದನ್ನು ಓದಿಯೂ ಓದದ ಹಾಗೆ ದಾಟಿ ಹೋಗುತ್ತಾನೆ. ತನ್ನ ತಲೆಗೇ ಬಂದ ದಿನ ಮಾತ್ರ ಬಾಯಿಂದ ಒಂದು ಮಾತು ಹೊರಡುತ್ತದೆ: “ದಂಡ ಹಾಕ್ಲಕ್ ನೀವ್ಯಾರ್ರಿ?”

ಜಗಳದ ದನಿಯಲ್ಲಿ ಬಂದರೂ ಇದು ಕಾನೂನು ಒಪ್ಪುವ ಪ್ರಶ್ನೆಯೇ. ಖಾಸಗಿ ವ್ಯಾಪಾರಿಗೆ ಗಿರಾಕಿಯನ್ನು ಶಿಕ್ಷಿಸುವ ಅಧಿಕಾರವಿಲ್ಲ. ಗಿರಾಕಿ ಮಾತು ತಪ್ಪಿದ್ದರಿಂದ ತನಗಾದ ನಷ್ಟವನ್ನು ಕೇಳುವ ಹಕ್ಕಿದೆ. ಇಡೀ ಚರ್ಚೆ ನಿಂತಿರುವುದು ಇಷ್ಟರ ಮೇಲೆ. ಆದರೆ ಈ ಉತ್ತರ ಬಾಯಿಪಾಠ ಮಾಡಿಕೊಂಡು ಹೋದವನೂ ಬಹಳ ಸಲ ದುಡ್ಡು ಕಟ್ಟಿಯೇ ಬರುತ್ತಾನೆ. ಯಾಕೆಂದರೆ ದಂಡ ವಸೂಲಾಗುವುದು ಕಾನೂನಿನ ಬಲದಿಂದಲ್ಲ. ಗಿರಾಕಿಯ ಠೇವಣಿಯೋ ಬಂಗಾರವೋ ದಾಖಲೆಯೋ ಮನೆಮುಂದಿನ ಮಾನವೋ ಆ ಹೊತ್ತಿಗೆ ಎದುರಿನವನ ಕೈಯಲ್ಲಿ ಸಿಕ್ಕಿರುತ್ತದಲ್ಲ, ಆ ಹಿಡಿತದ ಬಲದಿಂದ.

ದಂಡ ಹಾಕುವ ಅಧಿಕಾರ ನಿಜವಾಗಿ ಯಾರಿಗಿದೆ ಎಂಬುದನ್ನು ಮೊದಲು ನೋಡೋಣ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 4ನೇ ಕಲಂ ಶಿಕ್ಷೆಗಳನ್ನು ಪಟ್ಟಿ ಮಾಡುತ್ತದೆ. ಮರಣದಂಡನೆ, ಸೆರೆವಾಸಗಳ ಸಾಲಿನಲ್ಲೇ ಜುಲ್ಮಾನೆಯೂ ಇದೆ. ಅಂದರೆ ಅದು ಶಿಕ್ಷೆ, ವಿಧಿಸಬೇಕಾದದ್ದು ನ್ಯಾಯಾಲಯ. ಅದರಾಚೆಗೆ ಬೇರೆ ಬೇರೆ ಶಾಸನಗಳು ಕೆಲವರಿಗೆ ಅಳೆದು ಸುರಿದು ಅಧಿಕಾರ ಕೊಟ್ಟಿವೆ. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಬಸ್ಸಿನಲ್ಲಿ ಟಿಕೆಟಿಲ್ಲದೆ ಸಿಕ್ಕವರಿಗೆ ತನಿಖಾಧಿಕಾರಿ ದಂಡ ಹಾಕುತ್ತಾರಲ್ಲ, ಅದರ ಹಿಂದೆ ಮೋಟಾರು ವಾಹನ ಕಾಯ್ದೆಯ 178ನೇ ಕಲಂ ಇದೆ, 500 ರೂಪಾಯಿಯ ಮಿತಿಯೂ ಇದೆ. ಜೆಸ್ಕಾಂನವರು ಮನೆಯ ಮೀಟರಿನಿಂದ ಅಂಗಡಿಗೆ ಕರೆಂಟು ಎಳೆದದ್ದನ್ನು ಹಿಡಿದು ದುಪ್ಪಟ್ಟು ದರ ಲೆಕ್ಕ ಹಾಕುವುದು 2003ರ ವಿದ್ಯುಚ್ಛಕ್ತಿ ಕಾಯ್ದೆಯ 126ನೇ ಕಲಮಿನಡಿ. ಆ ಲೆಕ್ಕ ತಪ್ಪೆನಿಸಿದರೆ 127ರಡಿ ಮೇಲ್ಮನವಿ ಉಂಟು, ಅದಕ್ಕೆ ಮೊದಲು ಅರ್ಧ ಹಣ ಕಟ್ಟಬೇಕು.

ಟೋಲ್ ನಾಕಾದ ಸಂಗತಿ ಇನ್ನೂ ಸ್ವಾರಸ್ಯದ್ದು. ಹೆದ್ದಾರಿಗಳ ಟೋಲ್ ಎತ್ತುವವರು ಬಹುಪಾಲು ಖಾಸಗಿ ಗುತ್ತಿಗೆದಾರರೇ. ಫಾಸ್ಟ್ಯಾಗ್ ಇಲ್ಲದೆ ನಗದು ಕೊಟ್ಟರೆ ದುಪ್ಪಟ್ಟು. 2025ರ ನವೆಂಬರ್ 15ರಿಂದ ಯುಪಿಐ ಮೂಲಕ ಕಟ್ಟುವವರಿಗೆ ಅದು ಒಂದೂಕಾಲು ಪಟ್ಟಿಗೆ ಇಳಿದಿದೆ. ಬೂತಿನಲ್ಲಿ ಕುಳಿತವನು ಖಾಸಗಿ ಕಂಪನಿಯ ನೌಕರನಾದರೂ ಆ ಹೆಚ್ಚುವರಿ ಹಣದ ಹಿಂದೆ ಕೇಂದ್ರ ಸರ್ಕಾರದ ನಿಯಮವಿದೆ. ಆದ್ದರಿಂದ ದಂಡ ವಸೂಲಿ ಮಾಡುವವನು ಖಾಸಗಿಯೋ ಸರ್ಕಾರಿಯೋ ಎಂಬುದಕ್ಕಿಂತ, ಆ ದಂಡ ಯಾವ ಶಾಸನದಿಂದ ಬಂತು ಎಂದು ಕೇಳುವುದು ಮೇಲು. ಹೋಟೆಲಿನ 50 ರೂಪಾಯಿಯ ಹಿಂದೆ ಅಂಥ ಶಾಸನ ಯಾವುದೂ ಇಲ್ಲ. ಇರುವುದು ಹೆಚ್ಚೆಂದರೆ ಒಂದು ಕರಾರು.

ಕರಾರಿಗೆ ನಮ್ಮಲ್ಲಿರುವ ಕಾನೂನು 1872ರದು. ಭಾರತೀಯ ಕರಾರು ಕಾಯ್ದೆಯ 73ನೇ ಕಲಂ ಮಾತು ತಪ್ಪಿದವನು ನಷ್ಟ ತುಂಬಿಕೊಡಬೇಕು ಎನ್ನುತ್ತದೆ. 74ನೆಯದು ನಮ್ಮ ಪ್ರಶ್ನೆಗೆ ನೇರ ಸಂಬಂಧಪಟ್ಟದ್ದು. ತಪ್ಪಿದರೆ ಇಷ್ಟು ಕೊಡಬೇಕೆಂದು ಕರಾರಿನಲ್ಲೇ ಒಂದು ಮೊತ್ತ ಬರೆದಿದ್ದರೂ ಅಷ್ಟೂ ತಾನಾಗಿ ಸಿಗುವುದಿಲ್ಲ. ಆ ಮೊತ್ತ ಮೇಲಿನ ಮಿತಿ ಮಾತ್ರ. ಅದರೊಳಗೆ ನ್ಯಾಯವಾಗಿ ಎಷ್ಟು ಪರಿಹಾರ ಅನಿಸುತ್ತದೋ ಅಷ್ಟನ್ನು ನ್ಯಾಯಾಲಯ ಕೊಡಿಸುತ್ತದೆ. ಈ ಕಲಮಿನ ಕೆಳಗಿರುವ ಉದಾಹರಣೆಗಳನ್ನು ಓದಿದರೆ ಬರೆದವರು ಯಾರೋ ನಮ್ಮ ತೊಗರಿ ಸೀಮೆಯನ್ನು ಕಂಡೇ ಬರೆದರೇನೋ ಅನಿಸಬೇಕು. ಲೇವಾದೇವಿಗಾರನಿಗೆ ಸಾಲ ತೀರಿಸಬೇಕಾದ ಒಬ್ಬ, ಇಂಥ ದಿನ ಹತ್ತು ಮಣ ಧಾನ್ಯ ಅಳೆಯುತ್ತೇನೆ, ತಪ್ಪಿದರೆ ಇಪ್ಪತ್ತು ಮಣ ಎಂದು ಬರೆದುಕೊಡುತ್ತಾನೆ. ಕಾಯ್ದೆಯ ಪ್ರಕಾರ ಆ ಇಪ್ಪತ್ತು ದಂಡದ ಸ್ವರೂಪದ್ದು, ಲೇವಾದೇವಿಗಾರನಿಗೆ ಸಲ್ಲುವುದು ನ್ಯಾಯವಾದ ಪರಿಹಾರವಷ್ಟೇ. ಇನ್ನೊಂದು ಉದಾಹರಣೆಯಲ್ಲಿ ಶೇ. 12ರ ಬಡ್ಡಿಯ ಸಾಲ, ವಾಯಿದೆ ಮೀರಿದರೆ ಶೇ. 75. ಅದೂ ದಂಡವೇ. ಒಂದೂವರೆ ಶತಮಾನದಷ್ಟು ಹಳೆಯ ಕಾಯ್ದೆ ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ಕೈಗಡದ ಚೀಟಿಗಳಲ್ಲಿ ಇಂಥ ಷರತ್ತು ಇಂದಿಗೂ ಕಾಣಿಸುತ್ತದೆ.

ಸುಪ್ರೀಂ ಕೋರ್ಟು ಈ ಕಲಮನ್ನು ಹಲವು ಸಲ ತಿರುವಿ ನೋಡಿದೆ. 1963ರ ಫತೇಚಂದ್ ಪ್ರಕರಣದಲ್ಲಿ, ಕರಾರಿನಲ್ಲಿ ಬರೆದದ್ದು ದಂಡವೋ ಮುಂಚಿತವಾಗಿ ಅಂದಾಜು ಮಾಡಿದ ನಷ್ಟವೋ ಎಂಬ ಇಂಗ್ಲೆಂಡಿನ ಕೂದಲು ಸೀಳುವ ಚರ್ಚೆ ನಮಗೆ ಬೇಡ, ಎರಡಕ್ಕೂ ನ್ಯಾಯವಾದ ಪರಿಹಾರ ಎಂಬ ಒಂದೇ ಅಳತೆ ಎಂದಿತು. 1969ರ ಮೌಲಾ ಬಕ್ಷ್ ಪ್ರಕರಣದಲ್ಲಿ, ಸೈನ್ಯಕ್ಕೆ ಆಲೂಗಡ್ಡೆ, ಕೋಳಿ, ಮೊಟ್ಟೆ ಒದಗಿಸುವ ಗುತ್ತಿಗೆದಾರನ ಠೇವಣಿಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತ್ತು. ನಷ್ಟ ತೋರಿಸಲು ಸಾಧ್ಯವಿದ್ದೂ ತೋರಿಸದೆ ಠೇವಣಿ ನುಂಗುವಂತಿಲ್ಲ ಎಂದಿತು ನ್ಯಾಯಾಲಯ. 2015ರ ಕೈಲಾಸನಾಥ ತೀರ್ಪು ಇವೆಲ್ಲವನ್ನೂ ಒಟ್ಟುಗೂಡಿಸಿತು: ನಷ್ಟವೇ ಆಗದಿದ್ದಲ್ಲಿ ಪರಿಹಾರವೂ ಇಲ್ಲ. ನಷ್ಟ ಲೆಕ್ಕ ಹಾಕುವುದೇ ಕಷ್ಟವಾದ ಕಡೆ ಮಾತ್ರ, ಬರೆದ ಮೊತ್ತ ಪ್ರಾಮಾಣಿಕ ಅಂದಾಜಾಗಿದ್ದರೆ, ಅದನ್ನು ಒಪ್ಪಬಹುದು. ಇದೇ 2015ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು ಬೇರೆ ದಾರಿ ಹಿಡಿಯಿತು. ಪಾರ್ಕಿಂಗ್ ಕಂಪನಿಯೊಂದು ಹೆಚ್ಚು ಹೊತ್ತು ಕಾರು ನಿಲ್ಲಿಸಿದವನಿಗೆ ಹಾಕಿದ 85 ಪೌಂಡನ್ನು ಅದು ಎತ್ತಿಹಿಡಿಯಿತು. ಜಾಗ ಖಾಲಿಯಾಗುತ್ತಿರಬೇಕೆಂಬುದು ಕಂಪನಿಯ ನ್ಯಾಯಬದ್ಧ ಹಿತ ಎಂದು ಅದರ ವಾದ. ನಮ್ಮ ಅಳತೆಕೋಲು ಅದಲ್ಲ. ನನಗೆ ನಮ್ಮದೇ ಮೇಲೆನಿಸುತ್ತದೆ, ಯಾಕೆಂದರೆ ‘ಹಿತ’ ಎಂಬುದನ್ನು ದೊಡ್ಡ ಕಂಪನಿಯ ವಕೀಲ ಎಷ್ಟು ಬೇಕಾದರೂ ಹಿಗ್ಗಿಸಬಲ್ಲ.

ಶಾಮಿಯಾನ ಅಂಗಡಿಗೆ ಬನ್ನಿ. ಮದುವೆಗೆ ಭಾಂಡೆ, ಕುರ್ಚಿ, ಜಮಖಾನೆ ಬಾಡಿಗೆಗೆ ಒಯ್ದಿರುತ್ತಾರೆ, ಡಿಪಾಜಿಟ್ ಇಟ್ಟಿರುತ್ತಾರೆ. ಮರಳಿ ಎಣಿಸುವಾಗ ಎರಡು ತಪೇಲಿ ಕಡಿಮೆ. ಅವುಗಳ ಬೆಲೆ ಮುರಿದುಕೊಂಡರೆ ಅದು ನಷ್ಟ ಭರ್ತಿ, ಯಾರೂ ತಕರಾರು ಮಾಡುವಂತಿಲ್ಲ. ಒಂದಕ್ಕೆ ಮೂರರಷ್ಟು ಮುರಿದುಕೊಂಡರೆ ಮಿಕ್ಕ ಎರಡು ಪಾಲು ಬರೀ ದಂಡ, ಅದಕ್ಕೆ ಆಧಾರವಿಲ್ಲ. ಮಂಗಲ ಕಾರ್ಯಾಲಯದ ಮುಂಗಡದ್ದೂ ಇದೇ ಕಥೆ. ಮದುವೆ ಮುರಿದುಬಿತ್ತು, ಹಾಲ್ ಬೇಡವೆಂದು ತಿಂಗಳ ಮೊದಲೇ ಹೇಳಿದರು, ಅದೇ ಮುಹೂರ್ತಕ್ಕೆ ಬೇರೆಯವರು ಬಂದರು. ಮಾಲೀಕನಿಗೆ ಹೋದದ್ದೇನು? ಆದರೂ ರಸೀದಿಯ ಹಿಂದೆ ‘ಅಡ್ವಾನ್ಸ್ ವಾಪಸ್ ಇಲ್ಲ’ ಎಂದು ಅಚ್ಚಾಗಿರುತ್ತದೆ. ಹೊಲ, ಮನೆ ಖರೀದಿಯಲ್ಲಿ ಕೊಡುವ ಬಯಾನಾ ಸ್ವಲ್ಪ ಬೇರೆ. ವ್ಯವಹಾರಕ್ಕೆ ಖಾತ್ರಿಯಾಗಿ ಕೊಟ್ಟ ಆ ಹಣವನ್ನು, ಕೊಳ್ಳುವವನೇ ಹಿಂದೆ ಸರಿದರೆ ಮಾರುವವನು ಇಟ್ಟುಕೊಳ್ಳಬಹುದೆಂದು 2012ರ ಸತೀಶ್ ಬಾತ್ರಾ ತೀರ್ಪು ಹೇಳುತ್ತದೆ. ಬೆಲೆಯ ಭಾಗವಾಗಿ ಕೊಟ್ಟ ಬರೀ ಮುಂಗಡಕ್ಕೆ ಆ ಮಾತು ಅನ್ವಯಿಸದು.

ಕಾನೂನು ಗಿರಾಕಿಯ ಕಡೆಗೇ ಇದೆ ಅನ್ನಿಸಿತಲ್ಲ? ತೊಡಕು ಇಲ್ಲೇ. 74ನೇ ಕಲಂ ಕೆಲಸ ಮಾಡುವುದು ನ್ಯಾಯಾಲಯದ ಒಳಗೆ. ಡಿಪಾಜಿಟ್ ಕೈಯಲ್ಲಿರುವ ಶಾಮಿಯಾನದವನು ಯಾಕೆ ನ್ಯಾಯಾಲಯಕ್ಕೆ ಹೋಗುತ್ತಾನೆ? ಮುರಿದುಕೊಂಡು ಉಳಿದದ್ದನ್ನು ಕೊಟ್ಟು ಕಳಿಸುತ್ತಾನೆ. ಹೋಗಬೇಕಾದವನು ಗಿರಾಕಿ. 800 ರೂಪಾಯಿಗಾಗಿ ಕಲಬುರಗಿಗೆ ಎಷ್ಟು ಸಲ ಓಡಾಡಬೇಕು ಎಂಬ ಲೆಕ್ಕ ಹಾಕಿ ಸುಮ್ಮನಾಗುತ್ತಾನೆ. ಗಿರಾಕಿಯದೇನೂ ಹಿಡಿದಿಟ್ಟುಕೊಳ್ಳದ ಹೋಟೆಲಿನವನು ಮಾತ್ರ ‘ಊಟ ಚೆಲ್ಲಿದ ದಂಡ’ ವಸೂಲಿ ಮಾಡಲಾರ. ಗಿರಾಕಿ ಊಟದ ಬಿಲ್ಲು ಕೊಟ್ಟು ಎದ್ದು ಹೋದರೆ ಬೋರ್ಡು ಗೋಡೆಯ ಮೇಲೇ ಉಳಿಯುತ್ತದೆ.

ಈ ಹಿಡಿತ ಎಲ್ಲಕ್ಕಿಂತ ಬಿಗಿಯಾಗಿರುವುದು ಸಾಲದಲ್ಲಿ. ಮಳೆ ಕೈಕೊಟ್ಟರೆ ತೊಗರಿ ಹೋಗುತ್ತದೆ, ಭೀಮಾ ಉಕ್ಕಿದರೆ ನದಿಪಾತ್ರದ ಹೊಲ ಹೋಗುತ್ತದೆ, ಆದರೆ ವಾರದ ಕಂತು ಎರಡಕ್ಕೂ ನಿಲ್ಲುವುದಿಲ್ಲ. ರಿಸರ್ವ್ ಬ್ಯಾಂಕ್ 2022ರ ಮಾರ್ಚ್ 14ರಂದು ಕಿರುಸಾಲಕ್ಕೆಂದೇ ನಿಯಮಾವಳಿ ಹೊರಡಿಸಿತು. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡವಿಲ್ಲದೆ ಕೊಡುವ ಸಾಲಕ್ಕೆ ಇದು ಅನ್ವಯ. ಅವಧಿಗೆ ಮೊದಲೇ ತೀರಿಸಿದರೆ ದಂಡ ಕೂಡದು. ಕಂತು ತಪ್ಪಿದರೆ ಹಾಕುವ ದಂಡ ಬಾಕಿ ಬಿದ್ದ ಕಂತಿನ ಮೇಲೆ ಮಾತ್ರ, ಇಡೀ ಸಾಲದ ಮೇಲಲ್ಲ. ವಸೂಲಿ ಇಬ್ಬರೂ ಒಪ್ಪಿದ ಜಾಗದಲ್ಲಿ ಆಗಬೇಕು. ಸಾಲಗಾರ್ತಿ ಅಲ್ಲಿಗೆ ಸತತವಾಗಿ ಎರಡು ಸಲವಾದರೂ ಬಾರದಿದ್ದರಷ್ಟೇ ಮನೆಗೆ ಹೋಗಬಹುದು. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ಫೋನ್ ಮಾಡುವಂತಿಲ್ಲ. ಕಾಗದದ ಮೇಲೆ ಇದಕ್ಕಿಂತ ಸೌಮ್ಯವಾದ ವ್ಯವಸ್ಥೆ ಸಿಗುವುದು ಕಷ್ಟ.

ಮುಂದಿನ ವರ್ಷ, 2023ರ ಆಗಸ್ಟ್ 18ರಂದು, ಬಹುಪಾಲು ಸಾಲಗಳ ದಂಡದ ಬಗ್ಗೆಯೇ ಇನ್ನೊಂದು ಸುತ್ತೋಲೆ ಬಂತು. ಅದರ ಹಿಂದಿನ ಕಾರಣವನ್ನು ರಿಸರ್ವ್ ಬ್ಯಾಂಕ್ ಮುಚ್ಚಿಡಲಿಲ್ಲ. ಸಾಲಗಾರನಲ್ಲಿ ಶಿಸ್ತು ತರಲೆಂದು ಇದ್ದ ದಂಡವನ್ನು ಸಂಸ್ಥೆಗಳು ಆದಾಯದ ದಾರಿ ಮಾಡಿಕೊಂಡಿವೆ ಎಂಬುದು ಅದರ ಆಕ್ಷೇಪ. ಇನ್ನು ಮುಂದೆ ದಂಡವನ್ನು ಬಡ್ಡಿ ದರಕ್ಕೆ ಸೇರಿಸುವಂತಿಲ್ಲ, ದಂಡವನ್ನು ಅಸಲಿಗೆ ಕೂಡಿಸಿ ಅದರ ಮೇಲೆ ಮತ್ತೆ ಬಡ್ಡಿ ಎಣಿಸುವಂತಿಲ್ಲ, ಮೊತ್ತ ತಪ್ಪಿಗೆ ತಕ್ಕಷ್ಟೇ ಇರಬೇಕು, ಎಷ್ಟು ಮತ್ತು ಏಕೆ ಎಂಬುದನ್ನು ಸಾಲ ಕೊಡುವಾಗಲೇ ತಿಳಿಸಬೇಕು. ಹೊಸ ಸಾಲಗಳಿಗೆ ಇದು 2024ರ ಏಪ್ರಿಲ್ 1ರಿಂದ ಜಾರಿಗೆ ಬಂತು. ದಂಡಬಡ್ಡಿಯನ್ನು ಅಸಲಿಗೆ ಕೂಡಿಸಬಾರದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2001ರಲ್ಲೇ ಹೇಳಿತ್ತು. ಅದು ಬ್ಯಾಂಕುಗಳ ಕಂಪ್ಯೂಟರಿನವರೆಗೆ ತಲುಪಲು ಇಪ್ಪತ್ತೆರಡು ವರ್ಷ ಹಿಡಿಯಿತು ಅಂದರೆ ಕಟಕಿಯಲ್ಲ. ಇದರ ಜೊತೆಗೆ ಇನ್ನೊಂದು ಸಣ್ಣ ವಿಷಯ ನೆನಪಿಡತಕ್ಕದ್ದು: ಬ್ಯಾಂಕು ಮತ್ತು ಹಣಕಾಸು ಕಂಪನಿಗಳು ಹಾಕುವ ಇಂಥ ದಂಡಶುಲ್ಕಕ್ಕೆ ಜಿಎಸ್‌ಟಿ ಇಲ್ಲ ಎಂದು 2025ರ ಜನವರಿಯಲ್ಲಿ ಸುತ್ತೋಲೆ ಬಂದಿದೆ. ಸ್ಟೇಟ್‌ಮೆಂಟಿನಲ್ಲಿ ದಂಡದ ಪಕ್ಕ ಶೇ. 18 ಸೇರಿದ್ದರೆ ಕೇಳಬಹುದು.

ಮಿನಿಮಮ್ ಬ್ಯಾಲೆನ್ಸ್ ದಂಡದ್ದು ಬಹಳ ಜನರಿಗೆ ತಾಗಿದ ವಿಷಯ. ಸ್ಟೇಟ್ ಬ್ಯಾಂಕ್ ಉಳಿತಾಯ ಖಾತೆಗಳಿಗೆ ಅದನ್ನು 2020ರ ಮಾರ್ಚಿನಲ್ಲೇ ಬಿಟ್ಟಿತು, ಕೆನರಾ ಬ್ಯಾಂಕ್ 2025ರ ಜೂನ್ 1ರಿಂದ. ಜನಧನ ಖಾತೆಗೆ ಮೊದಲಿನಿಂದಲೂ ಇಲ್ಲ. ಹಾಕುವ ಬ್ಯಾಂಕುಗಳೂ ರಿಸರ್ವ್ ಬ್ಯಾಂಕಿನ 2014ರ ಸುತ್ತೋಲೆಯಂತೆ ಮೊದಲು ತಿಳಿಸಿ, ತುಂಬಲು ತಿಂಗಳ ಅವಕಾಶ ಕೊಟ್ಟು, ಕಡಿಮೆ ಬಿದ್ದಷ್ಟಕ್ಕೇ ತಕ್ಕಂತೆ ಹಾಕಬೇಕು. ದಂಡದಿಂದಾಗಿ ಖಾತೆ ಸೊನ್ನೆಗಿಂತ ಕೆಳಗಿಳಿಯಬಾರದು.

ಇಷ್ಟೆಲ್ಲ ಇದ್ದೂ 2025ರ ಜನವರಿಯಲ್ಲಿ ರಾಜ್ಯದ ಹಲವು ಜಿಲ್ಲೆಗಳಿಂದ, ಕಿರುಸಾಲ ವಸೂಲಿಯ ಕಾಟಕ್ಕೆ ಮನೆಗೆ ಬೀಗ ಹಾಕಿ ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿ ಬಂತು. ಇದನ್ನು ತಡೆಯಲು ರಾಜ್ಯ ಸರ್ಕಾರ ತಂದ, ಫೆಬ್ರವರಿ ಮೊದಲ ವಾರದಲ್ಲಿ ರಾಜ್ಯಪಾಲರು ಒಮ್ಮೆ ಹಿಂದಿರುಗಿಸಿದ ಅಧ್ಯಾದೇಶಕ್ಕೆ 12ರಂದು ಅಂಕಿತ ಬಿತ್ತು. ಮಾರ್ಚಿನ ಅಧಿವೇಶನದಲ್ಲಿ ಅದರ ಜಾಗಕ್ಕೆ ಮಸೂದೆ ಬಂದು ಅಂಗೀಕಾರವಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ಜುಲ್ಮಾನೆ. ಸಾಲಗಾರನ ಬೆನ್ನು ಬೀಳುವುದು, ಹೊರಗಿನವರನ್ನು ಬಿಟ್ಟು ಹೆದರಿಸುವುದು, ಕಾಗದಪತ್ರ ಕಸಿಯುವುದು ಎಲ್ಲ ಬಲವಂತವೇ. ನೋಂದಣಿಯಿಲ್ಲದವರು ದುರ್ಬಲ ವರ್ಗಗಳಿಗೆ ಕೊಟ್ಟ ಸಾಲ ಮನ್ನಾ ಆದಂತೆ. ಆದರೆ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿಕೊಂಡ ಸಂಸ್ಥೆಗಳನ್ನು ಹೊರಗಿಡಲಾಯಿತು. ಅದಕ್ಕೆ ಕಾರಣವಿದೆ. ಇಂಥ ಕಂಪನಿಗಳಿಗೆ ರಾಜ್ಯಗಳ ಲೇವಾದೇವಿ ಕಾಯ್ದೆ ಅನ್ವಯಿಸದೆಂದು 2022ರ ಮೇನಲ್ಲಿ ಸುಪ್ರೀಂ ಕೋರ್ಟು ಕೇರಳದ ನೆಡುಂಪಿಲ್ಲಿ ಫೈನಾನ್ಸ್ ಪ್ರಕರಣದಲ್ಲಿ ತೀರ್ಮಾನಿಸಿತ್ತು. ಹೀಗಾಗಿ ಅಡವಿಲ್ಲದ ಸಾಲಕ್ಕೆ ಶೇ. 16, ಅಡವಿಟ್ಟದ್ದಕ್ಕೆ ಶೇ. 14 ಎಂಬ ರಾಜ್ಯದ ಮಿತಿ ಊರಿನ ಸಾವುಕಾರನಿಗೆ ಲಾಗೂ, ನೋಂದಾಯಿತ ಕಂಪನಿಗೆ ಅಲ್ಲ. ಕಂಪನಿಯ ಮೇಲಿನ ದೂರು ಮೊದಲು ಕಂಪನಿಗೇ ಹೋಗಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸರಿಬೀಳದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ. ವಿಚಾರಿಸಲು 14448ಕ್ಕೆ ಕರೆ ಮಾಡಬಹುದು.

ಸ್ವಸಹಾಯ ಸಂಘದ ದಂಡವನ್ನು ಇದರ ಜೊತೆ ಕಲಸಬಾರದು. ಮೀಟಿಂಗಿಗೆ ತಡವಾದರೆ ಹತ್ತು ರೂಪಾಯಿ ಎಂದು ಹೆಣ್ಣುಮಕ್ಕಳು ತಾವೇ ಠರಾವು ಮಾಡಿಕೊಂಡಿರುತ್ತಾರೆ, ಹಣ ಅವರದೇ ಸಂಘದ ಪೆಟ್ಟಿಗೆಗೆ ಬೀಳುತ್ತದೆ. ಒಬ್ಬಳ ಕಂತು ತಪ್ಪಿತೆಂದು ಇಡೀ ಗುಂಪನ್ನು ರಾತ್ರಿಯವರೆಗೆ ಕೂರಿಸುವ ಏಜೆಂಟನದು ಬೇರೆಯೇ ಜಾತಿ. ಅಲ್ಲಿ ಒತ್ತೆ ಇರುವುದು ನೆರೆಹೊರೆಯ ಮುಖ.

ದಂಡವೇ ಬೇರೆ, ಬಾಕಿಯೇ ಬೇರೆ ಎಂಬ ಮಾತು ಹಳೆಯದೇ. ಮಿತಾಕ್ಷರ ಬರೆದ ವಿಜ್ಞಾನೇಶ್ವರ ಇದೇ ಕಲಬುರಗಿ ಜಿಲ್ಲೆಯ ಮರತೂರಿನವನೆಂದು ಹೇಳುತ್ತಾರೆ. ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ ಕುಳಿತು ಆತ ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿಯಲ್ಲೂ ದಂಡ ಸೇರುವುದು ರಾಜನಿಗೆ, ಸಾಲ ಸೇರುವುದು ಸಾಲಿಗನಿಗೆ. ಹಣದ ಬಡ್ಡಿ ಅಸಲನ್ನು ಮೀರಿ ಬೆಳೆಯಬಾರದೆಂಬ ಹಳೆಯ ಧರ್ಮಶಾಸ್ತ್ರದ ನಿಯಮವನ್ನು ದಾಮ್‌ದುಪ್ಪಟ್ ಎಂಬ ಹೆಸರಿನಲ್ಲಿ ಮುಂಬಯಿ ಪ್ರಾಂತ್ಯದ ಬ್ರಿಟಿಷ್ ನ್ಯಾಯಾಲಯಗಳೂ ಪಾಲಿಸಿದವು. ಒಂಬೈನೂರು ವರ್ಷದ ಹಿಂದೆ ಎಲ್ಲ ನೆಟ್ಟಗಿತ್ತು ಎಂದು ಹೇಳಲು ಇದನ್ನು ತೆಗೆಯಲಿಲ್ಲ. ಆ ಸ್ಮೃತಿಗಳಲ್ಲಿ ಬಡ್ಡಿಯ ದರ ಸಾಲಗಾರನ ವರ್ಣ ನೋಡಿ ಏರುತ್ತಿತ್ತು.

ವ್ಯಾಪಾರಿಯೇ ತಪ್ಪಿದರೆ? ಆಳಂದದ ಭೂಸನೂರ, ಅಫಜಲಪುರದ ಹವಳಗಾ, ಜೇವರ್ಗಿ ಸೀಮೆಯ ಮಳ್ಳಿ, ಮೂರೂ ಕಡೆ ಸಕ್ಕರೆ ಕಾರ್ಖಾನೆಗಳಿವೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಕಬ್ಬು ತಲುಪಿದ 14 ದಿನದೊಳಗೆ ಹಣ ಪಾವತಿಯಾಗಬೇಕು, ತಡವಾದರೆ ವರ್ಷಕ್ಕೆ ಶೇ. 15ರ ಬಡ್ಡಿ. ಇದು ಶಾಸನವೇ ಕೊಟ್ಟ ಹಕ್ಕು, ಕರಾರಿನಲ್ಲಿ ಬರೆಯಬೇಕಾಗಿಲ್ಲ. ಆದರೂ ನಾಡಿನ ಯಾವ ಕಬ್ಬು ಸೀಮೆಯ ರೈತನನ್ನಾದರೂ ಕೇಳಿ: ಸುಟ್ಟ ಕಬ್ಬಿನ ಕಡಿತ ತೂಕದ ಚೀಟಿಯಲ್ಲೇ ಮುರಿದುಹೋಗುತ್ತದೆ, ತಡವಾದ ಬಿಲ್ಲಿನ ಬಡ್ಡಿಗೆ ಧರಣಿ ಕೂರಬೇಕು. ಶಾಸನದ ಬೆಂಬಲವಿರುವ ರೈತನ ಕೈ ಖಾಲಿ, ಮಾಲು ಆಗಲೇ ಕಾರ್ಖಾನೆಯ ಒಳಗೆ ಹೋಗಿರುತ್ತದೆ.

ಕಳ್ಳತನದ ಬೋರ್ಡಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಳ್ಳತನ ಅಪರಾಧ, ಅದರ ವಿಚಾರಣೆ ಪೊಲೀಸರು ಮತ್ತು ನ್ಯಾಯಾಲಯದ ಕೆಲಸ. ಹೊಸ ಸಂಹಿತೆಯ 303ನೇ ಕಲಂ, ಐದು ಸಾವಿರಕ್ಕಿಂತ ಕಡಿಮೆ ಬೆಲೆಯ ವಸ್ತುವನ್ನು ಮೊದಲ ಸಲ ಕದ್ದು ಹಿಂದಿರುಗಿಸಿದವನಿಗೆ ಸಮುದಾಯ ಸೇವೆಯ ಶಿಕ್ಷೆ ಎನ್ನುತ್ತದೆ. ಅಂಗಡಿಯವನು ಹುಡುಗನೊಬ್ಬನನ್ನು ಒಳಗೆ ಕೂಡಿಹಾಕಿ, ಹತ್ತು ಪಟ್ಟು ಕೊಡು ಇಲ್ಲವಾದರೆ ಸಿಸಿಟಿವಿ ವಿಡಿಯೊ ವಾಟ್ಸಾಪಿಗೆ ಬಿಡುತ್ತೇನೆ ಎಂದರೆ ಅದೇ ಸಂಹಿತೆಯ 127ರ ಅಕ್ರಮ ಬಂಧನ, 308ರ ಸುಲಿಗೆ ಎರಡೂ ಅವನ ಕೊರಳಿಗೇ ಸುತ್ತಿಕೊಳ್ಳಬಹುದು.

ಗ್ರಾಹಕರ ಕೈಗೆ ಸಿಕ್ಕಿರುವ ಹೊಸ ಹತ್ಯಾರು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ಅದರ 2(46)ನೇ ಕಲಂ ‘ಅನ್ಯಾಯದ ಕರಾರು’ ಯಾವುದೆಂದು ಹೇಳುವಾಗ, ಆದ ನಷ್ಟಕ್ಕೆ ಯಾವ ತಾಳೆಯೂ ಇಲ್ಲದ ದಂಡವನ್ನು ಗ್ರಾಹಕನ ಮೇಲೆ ಹೇರುವುದನ್ನೂ ಹೆಸರಿಸಿದೆ. ಸಾಲವನ್ನು ಬೇಗ ತೀರಿಸುತ್ತೇನೆಂದರೆ ತೆಗೆದುಕೊಳ್ಳದಿರುವುದೂ ಅದರಲ್ಲಿದೆ. ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, 5 ಲಕ್ಷದವರೆಗೆ ಶುಲ್ಕವಿಲ್ಲ, ವಕೀಲರು ಬೇಕೆಂದಿಲ್ಲ, ಆನ್‌ಲೈನಿನಲ್ಲೂ ಸಲ್ಲಿಸಬಹುದು, ಸಹಾಯವಾಣಿ 1915. ಆಳಂದದಿಂದಲೋ ಜೇವರ್ಗಿಯಿಂದಲೋ ಕಲಬುರಗಿಯ ಜಿಲ್ಲಾ ಆಯೋಗಕ್ಕೆ ಸುಮಾರು 40 ಕಿಲೋಮೀಟರು, ಅಫಜಲಪುರದಿಂದ ಇನ್ನಷ್ಟು ದೂರ. ಅಲ್ಲಿ ಸೇವೆಯ ಕೊರತೆ, ಅನುಚಿತ ವ್ಯಾಪಾರ ಪದ್ಧತಿ ಎಂದು ವಾದಿಸಿ ಮುರಿದುಕೊಂಡ ದುಡ್ಡು ವಾಪಸ್ ಪಡೆಯಬಹುದು. ಆದರೆ ಆ ಷರತ್ತೇ ಅನ್ಯಾಯದ್ದು, ಅದನ್ನು ರದ್ದು ಮಾಡಿ ಎಂದು ಕೇಳಬೇಕಾದರೆ ಜಿಲ್ಲಾ ಆಯೋಗಕ್ಕೆ ಆ ಅಧಿಕಾರ ಕೊಟ್ಟಿಲ್ಲ. ಕಾಯ್ದೆಯ 47ನೇ ಕಲಮಿನಂತೆ ಅದು ರಾಜ್ಯ ಆಯೋಗದ ಮುಂದೆ ಹೋಗಬೇಕು. 800 ರೂಪಾಯಿಯ ಡಿಪಾಜಿಟ್ಟಿಗೆ ಅಲ್ಲಿಯವರೆಗೆ ಯಾರೂ ಹೋಗುವುದಿಲ್ಲವೆಂಬುದು ರಸೀದಿ ಅಚ್ಚು ಹಾಕಿಸುವವನಿಗೆ ಚೆನ್ನಾಗಿ ಗೊತ್ತು.

ಹೀಗಿರುವಾಗ ತಿಳಿದವರು ಮಾಡುವುದು ಬೇರೆ. ಜಗಳಕ್ಕೆ ನಿಲ್ಲುವುದಿಲ್ಲ, “ಕೊಡ್ತೀನ್ರಿ ಸಾವ್ಕಾರ್ರೆ, ಏನ್ ತಪ್ಪಿಗಿ ಎಷ್ಟ್ ದಂಡ ಅಂತ ಬರ್ದು, ಸಹಿ ಮಾಡಿ ರಸೀದಿ ಕೊಡ್ರಿ” ಎನ್ನುತ್ತಾರೆ. ಬಿಲ್ಲು ಅಥವಾ ರಸೀದಿ ಕೊಡದಿರುವುದೂ 2019ರ ಕಾಯ್ದೆಯಲ್ಲಿ ಅನುಚಿತ ವ್ಯಾಪಾರ ಪದ್ಧತಿಯೇ. ಬರೆದುಕೊಟ್ಟರೆ ಆ ಚೀಟಿಯೇ ನಾಳೆಯ ದೂರಿಗೆ ಸಾಕ್ಷಿ. ಬರೆದುಕೊಡಲು ಹಿಂದೆ ಮುಂದೆ ನೋಡಿದರೆ ಚೌಕಾಸಿ ಅಲ್ಲಿಂದ ಶುರು.